ಮೂಗಿನಲ್ಲಿ 'ಮಾಂಸ' ಬೆಳೆದಿದೆಯೇ? ಆಪರೇಷನ್‌ಗೆ ಮುಂಚೆ ತಿಳಿಯಬೇಕಾದ ವಿಷಯ

ಸಂಘದ ಸಭೆಗಳಲ್ಲಿ ಸಾಲದ ಅರ್ಜಿ ಓದುವಾಗ ಹಸು ಖರೀದಿ, ಮಗಳ ಫೀಸು, ಮನೆ ರಿಪೇರಿಗಳ ನಡುವೆ "ಮೂಗಿನ ಮಾಂಸ ತೆಗೆಸಲು" ಎಂಬ ಕಾರಣವೂ ಬರುವುದುಂಟು. ವಿಚಾರಿಸಿದರೆ, "ವರ್ಷವಿಡೀ ಮೂಗು ಕಟ್ಟಿರ್ತದೆ, ರಾತ್ರಿ ಬಾಯಲ್ಲೇ ಉಸಿರಾಡ್ಬೇಕು, ಮಾಂಸ ಬೆಳೆದಿದೆ ಅಂದಿದ್ದಾರೆ" ಎಂಬ ಉತ್ತರ. ಅಷ್ಟರಲ್ಲಿ ಪಕ್ಕದಲ್ಲಿ ಕುಳಿತವರು, "ತೆಗೆಸ್ಬೇಡಿ ಅಕ್ಕ, ನಮ್ಮ ಅತ್ತಿಗೆ ತೆಗೆಸಿದ್ರು, ಎರಡೇ ವರ್ಷಕ್ಕೆ ಮತ್ತೆ ಬೆಳೀತು" ಅನ್ನುತ್ತಾರೆ. ಒಬ್ಬರಿಗೆ ಆಪರೇಷನ್ ಬಿಟ್ಟು ಬೇರೆ ದಾರಿಯಿಲ್ಲ ಎಂಬ ನಂಬಿಕೆ, ಇನ್ನೊಬ್ಬರಿಗೆ ಆಪರೇಷನ್ನೇ ದಂಡ ಎಂಬ ನಂಬಿಕೆ. ಈ ಎರಡರ ನಡುವೆ ನಿಜ ಎಲ್ಲಿದೆ ಎಂಬುದನ್ನು ಈ ಸಲ ನೋಡೋಣ.

ಮೂಗು ಕಟ್ಟುವುದು ಸಣ್ಣ ಕಾಯಿಲೆ ಎಂದು ನಾವು ಹೆಂಗಸರು ತಳ್ಳಿ ಹಾಕುತ್ತೇವೆ. ರಾತ್ರಿ ಸರಿಯಾಗಿ ನಿದ್ದೆಯಿಲ್ಲ, ಬೆಳಿಗ್ಗೆ ಎದ್ದರೆ ಬಾಯಿ ಒಣಗಿ ಗಂಟಲು ಕೆರೆತ, ತಲೆಭಾರ, ಒಗ್ಗರಣೆಯ ವಾಸನೆ ತಿಳಿಯುವುದಿಲ್ಲ, ಹಾಲು ಹುಳಿಯಾದದ್ದೂ ಗೊತ್ತಾಗುವುದಿಲ್ಲ. ಇಷ್ಟಿದ್ದರೂ "ಶೀತ ಅಷ್ಟೇ" ಎಂದು ವರ್ಷಗಟ್ಟಲೆ ನೂಕುವವರಿದ್ದಾರೆ. ಮೂರು ತಿಂಗಳಿಗೂ ಹೆಚ್ಚು ಕಾಲ ಮೂಗು ಕಟ್ಟಿಯೇ ಇದ್ದರೆ ಅದು ಬರೀ ಶೀತ ಅಲ್ಲ. ಪರೀಕ್ಷೆ ಮಾಡಿಸಲೇಬೇಕು.

ಅದು ಮಾಂಸ ಅಲ್ಲ, ಹುಟ್ಟಿನಿಂದಲೇ ಇರುವ ಅಂಗ

ಮೂಗಿನ ತುದಿಯನ್ನು ಸ್ವಲ್ಪ ಮೇಲೆತ್ತಿ ಹೊಳ್ಳೆಯೊಳಗೆ ಟಾರ್ಚ್ ಬಿಟ್ಟರೆ ಪಕ್ಕದ ಗೋಡೆಯಿಂದ ಗುಲಾಬಿ ಬಣ್ಣದ ಒಂದು ಉಬ್ಬು ಕಾಣುತ್ತದೆ. ಬಹಳ ಜನ ಇದನ್ನೇ ನೋಡಿ 'ದುರ್ಮಾಂಸ' ಎಂದು ಹೆದರುವುದು. ನಿಜವಾಗಿ ಅದು ಎಲ್ಲರ ಮೂಗಿನಲ್ಲೂ ಇರುವ ಅಂಗ. ವೈದ್ಯರು ಅದನ್ನು ಟರ್ಬಿನೇಟ್ ಎನ್ನುತ್ತಾರೆ. ಒಂದೊಂದು ಕಡೆ ಮೇಲಿನದು, ನಡುವಿನದು, ಕೆಳಗಿನದು ಎಂದು ಮೂರು ಇರುತ್ತವೆ. ಒಳಗೆ ತೆಳ್ಳಗಿನ ಸುರುಳಿಯಂಥ ಮೂಳೆ, ಮೇಲೆ ಮೆತ್ತಗಿನ ಒದ್ದೆ ಹೊದಿಕೆ. ಕೆಳಗಿನದು ಎಲ್ಲಕ್ಕಿಂತ ದೊಡ್ಡದು, ಹೆಚ್ಚುಕಡಿಮೆ ಕಿರುಬೆರಳಿನಷ್ಟು ಉದ್ದ. ತೊಂದರೆ ಕೊಡುವುದೂ ಹೆಚ್ಚಾಗಿ ಅದೇ.

ಇದರ ಕೆಲಸ ಏನು? ನಾವು ದಿನಕ್ಕೆ ಸುಮಾರು 10,000 ಲೀಟರ್ ಗಾಳಿ ಎಳೆದುಕೊಳ್ಳುತ್ತೇವೆ. ಆ ಗಾಳಿಯನ್ನು ಬೆಚ್ಚಗೆ ಮಾಡಿ, ಒದ್ದೆ ಮಾಡಿ, ಧೂಳು ಹಿಡಿದು ಶ್ವಾಸಕೋಶಕ್ಕೆ ಕಳಿಸುವ ಕೆಲಸ ಹೆಚ್ಚಾಗಿ ಇವುಗಳದ್ದೇ. ಗಾಳಿ ಒಳಗೆ ಹೋಗುತ್ತಿದೆ ಎಂದು ನಮಗೆ ಅನ್ನಿಸುವುದು ಕೂಡ ಈ ಹೊದಿಕೆಯಲ್ಲಿರುವ ನರಗಳಿಂದ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೊದಿಕೆಯ ಕೆಳಗೆ ಸ್ಪಂಜಿನಂತೆ ರಕ್ತ ತುಂಬಿಕೊಳ್ಳುವ ನಾಳಗಳಿವೆ. ರಕ್ತ ತುಂಬಿದರೆ ಟರ್ಬಿನೇಟ್ ಊದುತ್ತದೆ, ಖಾಲಿಯಾದರೆ ಕುಗ್ಗುತ್ತದೆ. ಆರೋಗ್ಯವಂತರಲ್ಲೂ ಒಂದು ಕಡೆ ಊದಿದಾಗ ಇನ್ನೊಂದು ಕಡೆ ಕುಗ್ಗಿ, ಕೆಲವು ಗಂಟೆಗಳಿಗೊಮ್ಮೆ ಪಾಳಿ ಬದಲಾಗುತ್ತಾ ಇರುತ್ತದೆ. ನೋಡಬೇಕೆಂದರೆ ಮೂಗಿನ ಕೆಳಗೆ ಒಂದು ಸ್ಟೀಲ್ ತಟ್ಟೆ ಹಿಡಿದು ಉಸಿರು ಬಿಡಿ. ಎರಡು ಮಂಜಿನ ಗುರುತು ಬೀಳುತ್ತವೆ, ಹಲವು ಸಲ ಒಂದು ದೊಡ್ಡದು, ಒಂದು ಚಿಕ್ಕದು. ನಾಲ್ಕೈದು ಗಂಟೆ ಬಿಟ್ಟು ನೋಡಿದರೆ ಅದಲುಬದಲಾಗಿರಲೂಬಹುದು. ಮಗ್ಗುಲಾಗಿ ಮಲಗಿದಾಗ ಕೆಳಗಿನ ಹೊಳ್ಳೆ ಕಟ್ಟುವುದೂ ಸಹಜವೇ. ಹಾಗಾಗಿ ಒಮ್ಮೊಮ್ಮೆ ಒಂದು ಹೊಳ್ಳೆ ಕಟ್ಟಿದ ಮಾತ್ರಕ್ಕೆ ರೋಗ ಎಂದು ತಿಳಿಯಬೇಕಿಲ್ಲ.

ಊದಿಕೊಂಡು ಕೂರುವುದು ಯಾಕೆ?

ಮುಖ್ಯ ಕಾರಣ ಅಲರ್ಜಿ. ನಮ್ಮ ಕೆಲಸಗಳನ್ನೇ ನೋಡಿ. ರಾಗಿ, ಭತ್ತ ಒಕ್ಕುವಾಗಿನ ಹೊಟ್ಟು, ಅಡಿಕೆ ಸುಲಿಯುವಾಗಿನ ಪುಡಿ, ಬೀಡಿ ಕಟ್ಟುವವರಿಗೆ ತಂಬಾಕಿನ ಧೂಳು, ಬಟ್ಟೆ ಹೊಲಿಯುವವರಿಗೆ ನೂಲಿನ ದೂಸು. ಬೇಲಿ ಬದಿಯ ಕಾಂಗ್ರೆಸ್ ಗಿಡದ ಹೂಪುಡಿ ಬೇರೆ. ಮನೆಯೊಳಗೆ ಹಾಸಿಗೆ, ದಿಂಬು, ಕೌದಿಗಳಲ್ಲಿ ಕಣ್ಣಿಗೆ ಕಾಣದ ಧೂಳಿನ ನುಸಿಗಳಿರುತ್ತವೆ. ಬೆಳಿಗ್ಗೆ ಎದ್ದ ಕೂಡಲೇ ಸಾಲಾಗಿ ಹತ್ತು ಹದಿನೈದು ಸೀನು, ಮೂಗು ಕಣ್ಣು ತುರಿಕೆ, ನೀರಿನಂತೆ ಸುರಿಯುವುದು ಇದ್ದರೆ ಈ ನುಸಿಗಳ ಮೇಲೆ ಅನುಮಾನ ಪಡಬೇಕು. ಜಿರಳೆ ಕೂಡ ಅಲರ್ಜಿ ತರುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ.

ಹೊಗೆ ಅಲರ್ಜಿ ತರದಿದ್ದರೂ ಮೂಗಿನ ಹೊದಿಕೆಯನ್ನು ಕೆರಳಿಸುತ್ತದೆ. ಅಡುಗೆಗೆ ಗ್ಯಾಸ್ ಬಂದರೂ ಬಚ್ಚಲ ಒಲೆ ಸೌದೆಯದ್ದೇ ಇರುವ ಮನೆಗಳು ಬಹಳ. ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಉರಿಯುವ ಸೊಳ್ಳೆಬತ್ತಿಯೂ ಹೊಗೆಯೇ. ಗಂಡಸರ ಬೀಡಿ ಸಿಗರೇಟಿನ ಬಗ್ಗೆ ಬೇರೆ ಹೇಳಬೇಕೇ?

ಬಸುರಿಯರಲ್ಲಿ ಅಲರ್ಜಿ ಇಲ್ಲದೆಯೂ ಮೂಗು ಕಟ್ಟುವುದುಂಟು. ಹೆರಿಗೆಯಾಗಿ ಎರಡು ವಾರದೊಳಗೆ ಅದು ತಾನಾಗಿ ಹೋಗುತ್ತದೆ, ಅದಕ್ಕೆ ಆಪರೇಷನ್ ಮಾತೇ ಬೇಡ. ಥೈರಾಯ್ಡ್ ಕಡಿಮೆ ಇರುವವರಿಗೆ, ಬಿ.ಪಿ.ಯ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೂ ಹೀಗಾಗಬಹುದು. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ. ಇನ್ನು ಮೂಗಿನ ನಡುವಿನ ಗೋಡೆ ಒಂದು ಕಡೆಗೆ ವಾಲಿದ್ದರೆ, ಜಾಗ ಹೆಚ್ಚಿರುವ ಇನ್ನೊಂದು ಕಡೆಯ ಟರ್ಬಿನೇಟ್ ದಪ್ಪವಾಗುತ್ತಾ ಹೋಗುತ್ತದೆ. 'ಮೂಗಿನ ಮೂಳೆ ಸೊಟ್ಟ' ಎಂದು ಹೇಳುವುದು ಈ ಗೋಡೆಯನ್ನೇ.

ಇಷ್ಟೆಲ್ಲ ಕಾರಣಗಳಿಗಿಂತ ನಮಗೆ ಹೆಚ್ಚು ಬೇಸರ ತರುವುದು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುವ ಮೂಗಿನ ಹನಿ ಔಷಧ. ಝೈಲೊಮೆಟಾಝೊಲಿನ್, ಆಕ್ಸಿಮೆಟಾಝೊಲಿನ್ ಎಂದು ಅದರ ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಎರಡು ಹನಿ ಬಿಟ್ಟರೆ ಕೆಲವೇ ನಿಮಿಷದಲ್ಲಿ ಮೂಗು ತೆರೆಯುತ್ತದೆ, ಅದೇ ಅದರ ಮೋಡಿ. ಆದರೆ ಐದು ದಿನಕ್ಕಿಂತ ಹೆಚ್ಚು ಹಾಕಿದರೆ, ಔಷಧದ ಪ್ರಭಾವ ಇಳಿದಾಗ ಟರ್ಬಿನೇಟ್ ಮೊದಲಿಗಿಂತ ಜಾಸ್ತಿ ಊದುತ್ತದೆ. ಆಗ ಮತ್ತೆ ಹನಿ, ಮತ್ತೆ ಊತ. ದಿಂಬಿನ ಕೆಳಗೆ ಬಾಟಲಿ ಇಟ್ಟುಕೊಳ್ಳದೆ ನಿದ್ದೆ ಬಾರದ ಸ್ಥಿತಿಗೆ ತಲುಪಿದವರಿದ್ದಾರೆ. ಅಂಥವರಿಗೆ ಮಾಂಸ ಬೆಳೆದದ್ದಲ್ಲ, ಔಷಧವೇ ರೋಗವಾದದ್ದು. ಹನಿಯನ್ನು ನಿಲ್ಲಿಸಿ, ಬೇರೆ ಸ್ಪ್ರೇಯ ಸಹಾಯದಿಂದ ಕೆಲವು ವಾರ ತಡೆದುಕೊಂಡರೆ ಬಹಳ ಜನರಿಗೆ ಆಪರೇಷನ್ ಇಲ್ಲದೆಯೇ ಸರಿಹೋಗುತ್ತದೆ. ಬಿ.ಪಿ. ಇರುವವರು ಈ ಹನಿಯನ್ನು ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ಬಾಮ್ ಹಚ್ಚಿದರೆ ಮೂಗು ತೆರೆದಂತೆ ಅನ್ನಿಸುತ್ತದೆ. ಅದು ತಂಪಿನ ನರಗಳನ್ನು ಎಬ್ಬಿಸುತ್ತದೆ ಅಷ್ಟೇ, ದಾರಿ ಅಗಲವಾಗುವುದಿಲ್ಲ. ಮಾಂಸ ಕರಗಿಸುತ್ತೇವೆ ಎಂದು ಮೂಗಿಗೆ ಉರಿಯುವ ಸೊಪ್ಪಿನ ರಸ ಹಿಂಡಿಸಿಕೊಳ್ಳುವುದು ಮಾತ್ರ ಬೇಡ. ಒಳಗಿನ ಹೊದಿಕೆ ಸುಟ್ಟರೆ ಸುಟ್ಟದ್ದೇ.

ಬೇರೆ ರೋಗಗಳೂ ಇರಬಹುದು

ಮೂಗು ಕಟ್ಟಿದ್ದೆಲ್ಲ ಟರ್ಬಿನೇಟ್ ಅಲ್ಲ. ಸೈನಸ್ ಕಡೆಯಿಂದ ಇಳಿದು ಬರುವ, ಸಿಪ್ಪೆ ಸುಲಿದ ದ್ರಾಕ್ಷಿಯಂತೆ ಬಿಳಿಚಿಕೊಂಡ ಗೆಡ್ಡೆಗೆ ಪಾಲಿಪ್ ಎಂದು ಹೆಸರು. ಅದರ ಚಿಕಿತ್ಸೆಯೇ ಬೇರೆ. ಮಕ್ಕಳು ಬಾಯಿ ತೆರೆದು ಮಲಗಿ ಗೊರಕೆ ಹೊಡೆದರೆ ಹಲವು ಸಲ ಮೂಗಿನ ಹಿಂದಿರುವ ಅಡಿನಾಯ್ಡ್ ಊದಿರುತ್ತದೆ. ಚಿಕ್ಕ ಮಗುವಿಗೆ ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಬಂದರೆ ಹುಣಸೆಬೀಜವೋ ಮಣಿಯೋ ತೂರಿಸಿಕೊಂಡಿದೆಯೇ ನೋಡಿಸಿ. ಮನೆಯಲ್ಲಿ ಪಿನ್ನು ಹಾಕಿ ತೆಗೆಯಲು ಹೋಗಬೇಡಿ. ದೊಡ್ಡವರಲ್ಲಿ ಒಂದೇ ಕಡೆ ಕಟ್ಟಿ ರಕ್ತ ಬರುತ್ತಿದ್ದರೆ ಒಂದು ವಾರವೂ ಕಾಯದೆ ಕಿವಿ-ಮೂಗು-ಗಂಟಲು ತಜ್ಞರ ಹತ್ತಿರ ಹೋಗಿ. ಅದು ಗೆಡ್ಡೆಯೂ ಆಗಿರಬಹುದು. ಕೆರೆಯಲ್ಲಿ ಮೀಯುವ ಕಡೆ ಬರುವ, ಮುಟ್ಟಿದರೆ ರಕ್ತ ಸೋರುವ ಕೆಂಪು ಮಾಂಸದಂಥ ಒಂದು ಸೋಂಕೂ ನಮ್ಮ ದಕ್ಷಿಣ ಭಾರತದಲ್ಲಿದೆ.

ಮೊದಲು ಔಷಧ

ಟರ್ಬಿನೇಟ್ ಊದಿದೆ ಎಂದು ಖಚಿತವಾದ ಮೇಲೂ ಮೊದಲ ಮೆಟ್ಟಿಲು ಔಷಧವೇ. ದಿನವೂ ಮೂಗಿಗೆ ಹೊಡೆದುಕೊಳ್ಳುವ ಸ್ಟೀರಾಯ್ಡ್ ಸ್ಪ್ರೇ ಕೊಡುತ್ತಾರೆ. ಮೊಮೆಟಾಸೋನ್, ಫ್ಲುಟಿಕಾಸೋನ್, ಬುಡೆಸೊನೈಡ್ ಎಂಬವು ಸಾಮಾನ್ಯ. ಸ್ಟೀರಾಯ್ಡ್ ಎಂಬ ಹೆಸರು ಕೇಳಿ ಅರ್ಧ ಜನ ಮನೆಗೆ ಬಂದು ಬಾಟಲಿಯನ್ನು ಮೂಲೆಗೆ ಇಡುತ್ತಾರೆ. ಇದರ ಪ್ರಮಾಣ ಬಹಳ ಸಣ್ಣದು, ಕೆಲಸ ಮೂಗಿನಲ್ಲೇ, ಮೈಗೆ ಸೇರುವುದು ತೀರಾ ಕಡಿಮೆ. ಹನಿ ಔಷಧದಂತೆ ಕೂಡಲೇ ತೆರೆಯುವುದಿಲ್ಲ. ಗುಣ ಕಾಣಲು ಒಂದೆರಡು ವಾರ ಬೇಕು, ಪೂರ್ತಿ ಪರೀಕ್ಷೆಗೆ ಎರಡು ಮೂರು ತಿಂಗಳು ಬಿಡದೆ ಹಾಕಬೇಕು. ನಾಲ್ಕು ದಿನ ಹಾಕಿ "ಏನೂ ಆಗ್ಲಿಲ್ಲ ಡಾಕ್ಟ್ರೇ" ಅಂದರೆ ಅದು ಔಷಧದ ತಪ್ಪಲ್ಲ.

ಹೊಡೆಯುವುದಕ್ಕೂ ಒಂದು ಕ್ರಮ ಇದೆ. ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ ಹಿಡಿದರೆ ತುದಿ ತಾನಾಗಿ ಹೊರಗಿನ ಕಡೆಗೆ, ಅಂದರೆ ಕಣ್ಣು ಕಿವಿಯ ದಿಕ್ಕಿಗೆ ತಿರುಗುತ್ತದೆ. ನಡುಗೋಡೆಗೆ ಹೊಡೆದರೆ ಅಲ್ಲಿ ಒಣಗಿ ರಕ್ತ ಬರುತ್ತದೆ. ಜೋರಾಗಿ ಎಳೆಯಬೇಡಿ, ಗಂಟಲಿಗೆ ಇಳಿದು ದಂಡವಾಗುತ್ತದೆ. ಬಸುರಿಯರು, ಸಣ್ಣ ಮಕ್ಕಳ ತಾಯಂದಿರು ವೈದ್ಯರಿಗೆ ತಿಳಿಸಿಯೇ ತೆಗೆದುಕೊಳ್ಳಬೇಕು. ಜನೌಷಧಿ ಕೇಂದ್ರ ಹತ್ತಿರದಲ್ಲಿದ್ದರೆ ಅಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆಯೇ ಕೇಳಿ.

ಉಪ್ಪುನೀರಿನಿಂದ ಮೂಗು ತೊಳೆಯುವುದೂ ಒಳ್ಳೆಯದು. ಒಂದು ಲೋಟ ನೀರಿಗೆ (ಕಾಲು ಲೀಟರ್) ಅರ್ಧ ಚಹಾ ಚಮಚ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ನೀರು ಕುದಿಸಿ ಆರಿಸಿದ್ದೇ ಆಗಬೇಕು. ಬಾವಿ, ಕೆರೆ, ನಲ್ಲಿ ನೀರನ್ನು ಹಾಗೇ ಮೂಗಿಗೆ ಬಿಡಬೇಡಿ. ಮೂಗಿನ ಮೂಲಕ ಮೆದುಳಿಗೆ ಹತ್ತಿ ಕೊಲ್ಲುವ ಅಮೀಬಾ ಸೋಂಕು ಅಪರೂಪವಾದರೂ 2024 ಮತ್ತು 2025ರಲ್ಲಿ ಪಕ್ಕದ ಕೇರಳದಲ್ಲಿ ಜೀವಗಳನ್ನು ತೆಗೆದಿದೆ. ಕುಡಿದರೆ ಏನೂ ಆಗದ ನೀರು ಮೂಗಿಗೆ ಹೋದರೆ ಅಪಾಯ ಎಂಬುದೇ ಇಲ್ಲಿ ವಿಚಿತ್ರ.

ಇದರ ಜೊತೆಗೆ ಹಾಸಿಗೆ ಹೊದಿಕೆ, ದಿಂಬಿನ ಕವರುಗಳನ್ನು ವಾರಕ್ಕೊಮ್ಮೆ ಕೈ ತಾಳದಷ್ಟು ಬಿಸಿ ನೀರಿನಲ್ಲಿ ನೆನೆಸಿ ಒಗೆದು ಬಿಸಿಲಿಗೆ ಹಾಕಿ. ಗುಡಿಸುವ ಮುಂಚೆ ನೀರು ಚಿಮುಕಿಸಿ. ಧೂಳಿನ ಕೆಲಸಕ್ಕೆ ಮೂಗು ಬಾಯಿ ಮುಚ್ಚಿ ಬಟ್ಟೆ ಕಟ್ಟಿ, ಮಾಸ್ಕ್ ಇದ್ದರೆ ಇನ್ನೂ ಒಳ್ಳೆಯದು.

ಆಪರೇಷನ್ ಯಾವಾಗ, ಹೇಗೆ?

ಸರಿಯಾಗಿ ಔಷಧ ಹಾಕಿ ಎರಡು ಮೂರು ತಿಂಗಳಾದರೂ ಮೂಗು ತೆರೆಯದಿದ್ದರೆ, ತಜ್ಞರು ದುರ್ಬೀನು ಹಾಕಿ ನೋಡಿ ಟರ್ಬಿನೇಟೇ ಕಾರಣ ಎಂದರೆ, ಆಗ ಆಪರೇಷನ್ ಮಾಡಿಸುವುದರಲ್ಲಿ ತಪ್ಪಿಲ್ಲ. ಹೆದರಿ ವರ್ಷಗಟ್ಟಲೆ ಒದ್ದಾಡಬೇಕಾಗಿಯೂ ಇಲ್ಲ. ಟರ್ಬಿನೇಟ್ ಒಂದನ್ನೇ ಮಾಡುವುದಾದರೆ ಅರ್ಧ ಗಂಟೆಯೊಳಗಿನ ಕೆಲಸ. ಮರಗಟ್ಟಿಸಿಯೋ, ಪೂರ್ತಿ ಅರಿವಳಿಕೆ ಕೊಟ್ಟೋ ಮಾಡುತ್ತಾರೆ. ಹೊರಗೆ ಗಾಯದ ಗುರುತು ಬೀಳುವುದಿಲ್ಲ.

ವಿಧಾನಗಳು ಹಲವು. ಮೂಳೆಯನ್ನು ಬದಿಗೆ ಒತ್ತಿ ದಾರಿ ಬಿಡಿಸುವುದು ಒಂದು. ಕರೆಂಟಿನ ಶಾಖದಿಂದ, ಅಥವಾ ರೇಡಿಯೋ ಫ್ರೀಕ್ವೆನ್ಸಿ ಎಂಬ ಕಡಿಮೆ ಶಾಖದ ಸೂಜಿಯಿಂದ ಒಳಗಿನ ಊದಿದ ಭಾಗವನ್ನು ಕುಗ್ಗಿಸುವುದು ಇನ್ನೊಂದು. ಹೊದಿಕೆಯಲ್ಲಿ ಸಣ್ಣ ಸೀಳು ಮಾಡಿ, ಹೊದಿಕೆಯನ್ನು ಉಳಿಸಿಕೊಂಡು ಒಳಗಿನದನ್ನು ಮಾತ್ರ ತೆಗೆಯುವುದು ಮತ್ತೊಂದು. ದಿಂಬಿನ ಹತ್ತಿ ಕಡಿಮೆ ಮಾಡಿ ಕವರನ್ನು ಹಾಗೇ ಬಿಟ್ಟಂತೆ ಎಂದು ತಿಳಿಯಿರಿ. ಕೊನೆಯದು, ಟರ್ಬಿನೇಟನ್ನು ಸ್ವಲ್ಪವೋ ಪೂರ್ತಿಯೋ ಕತ್ತರಿಸಿ ತೆಗೆಯುವುದು.

ಯಾವುದು ಮೇಲು? ಇಟಲಿಯ ವೈದ್ಯರು 382 ರೋಗಿಗಳಿಗೆ ಆರು ಬೇರೆ ಬೇರೆ ವಿಧಾನದಲ್ಲಿ ಆಪರೇಷನ್ ಮಾಡಿ, ಆರು ವರ್ಷಗಳವರೆಗೆ ಅವರನ್ನು ಗಮನಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೊದಿಕೆ ಉಳಿಸಿ ಒಳಗಿನದನ್ನು ತೆಗೆದವರಿಗೆ, ಅದರಲ್ಲೂ ಜೊತೆಗೆ ಬದಿಗೆ ಒತ್ತಿದವರಿಗೆ, ದೀರ್ಘಕಾಲದ ಗುಣ ಚೆನ್ನಾಗಿತ್ತು. ಪೂರ್ತಿ ಕತ್ತರಿಸಿದರೆ ದಾರಿ ಅಗಲವಾಗುತ್ತದೆ ನಿಜ, ಆದರೆ ಒಣಗುವುದು, ಹೆಕ್ಕಳೆ ಕಟ್ಟುವುದು, ರಕ್ತ ಸೋರುವುದು ಹೆಚ್ಚು.

ಮೊದಲು ಹೇಳಿದ ನರಗಳ ಮಾತು ಇಲ್ಲಿ ಬರುತ್ತದೆ. ಟರ್ಬಿನೇಟನ್ನು ಅತಿಯಾಗಿ ತೆಗೆದರೆ ಕೆಲವರಿಗೆ ಮೂಗು ಪೂರ್ತಿ ತೆರೆದಿದ್ದರೂ ಉಸಿರು ಸಿಗುತ್ತಿಲ್ಲ ಎಂಬ ಸಂಕಟ ಶುರುವಾಗುತ್ತದೆ. ಗಾಳಿ ಹೋಗುತ್ತಿದೆ, ಆದರೆ ಹೋದದ್ದು ತಿಳಿಯುವುದಿಲ್ಲ. 1994ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯರು ಇದಕ್ಕೆ 'ಖಾಲಿ ಮೂಗು' ಎಂಬ ಅರ್ಥದ ಹೆಸರಿಟ್ಟರು. ಇದು ಅಪರೂಪ, ಆದರೆ ಬಂದರೆ ವಾಸಿ ಮಾಡುವುದು ಬಹಳ ಕಷ್ಟ. ನಿದ್ದೆ ನೆಮ್ಮದಿ ಎರಡೂ ಹೋಗುತ್ತವೆ. ಅದಕ್ಕೇ ನಾವು ಹೇಳುವುದು, "ಮಾಂಸ ಪೂರ್ತಿ ತೆಗೆದು ಬಿಡಿ ಡಾಕ್ಟ್ರೇ, ಮತ್ತೆ ಬರಬಾರದು" ಎಂದು ನೀವಾಗಿ ಒತ್ತಾಯ ಮಾಡಬೇಡಿ. ಇದು ಕಡಿಮೆ ಮಾಡಿಸಿಕೊಳ್ಳುವ ಆಪರೇಷನ್, ತೆಗೆಸಿಕೊಳ್ಳುವುದಲ್ಲ.

ಮತ್ತೆ ಬೆಳೆಯಿತು ಎಂಬ ಆ ಅತ್ತಿಗೆಯ ಮಾತೂ ಸುಳ್ಳಲ್ಲ. ಆಪರೇಷನ್ ದಾರಿ ಬಿಡಿಸುತ್ತದೆ, ಅಲರ್ಜಿಯನ್ನು ತೆಗೆಯುವುದಿಲ್ಲ. ಅದೇ ಧೂಳು, ಅದೇ ಹೊಗೆ, ಸ್ಪ್ರೇ ನಿಲ್ಲಿಸಿಬಿಟ್ಟರೆ ಉಳಿದ ಹೊದಿಕೆ ಮತ್ತೆ ಊದುತ್ತದೆ. ಬರೀ ಶಾಖ ಕೊಟ್ಟು ಕುಗ್ಗಿಸಿದ್ದು ಕೆಲವರಲ್ಲಿ ಕೆಲವು ವರ್ಷಗಳಲ್ಲಿ ಮರಳುವುದೂ ಇದೆ. ಸೀನು, ತುರಿಕೆ, ಗೊರಕೆ ಎಲ್ಲ ಹೋಗುತ್ತವೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಗೊರಕೆಗೆ ಮೂಗು ಒಂದೇ ಕಾರಣವಾಗಿರುವುದು ಕಡಿಮೆ.

ಸಾಲಕ್ಕೆ ಮುಂಚೆ ಕೇಳಿಕೊಳ್ಳಿ

ಆಪರೇಷನ್ ಹೇಳಿದ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ: ಊದಿರುವುದು ಟರ್ಬಿನೇಟೋ, ನಡುಗೋಡೆ ಸೊಟ್ಟವೋ, ಪಾಲಿಪ್ಪೋ? ಯಾವ ವಿಧಾನ, ಹೊದಿಕೆ ಉಳಿಯುತ್ತದೆಯೇ? ನಡುಗೋಡೆಯನ್ನೂ ಸರಿ ಮಾಡುತ್ತೀರಾ? ಆಮೇಲೂ ಸ್ಪ್ರೇ ಬೇಕೇ? ಸ್ಪ್ರೇಯನ್ನೇ ಕೊಟ್ಟು ನೋಡದೆ ಮೊದಲ ದಿನವೇ ತಾರೀಕು ಗೊತ್ತು ಮಾಡಿದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ಜಾಣತನ. ಇದು ತುರ್ತು ಆಪರೇಷನ್ ಅಲ್ಲ, ಒಂದು ತಿಂಗಳು ತಡವಾದರೆ ಏನೂ ಕೆಡುವುದಿಲ್ಲ. ಸುಗ್ಗಿ ಕಳೆದ ಮೇಲೆ ಇಟ್ಟುಕೊಂಡರೂ ನಡೆಯುತ್ತದೆ.

ದುಡ್ಡಿನ ವಿಷಯ. ರಾಜ್ಯದಲ್ಲಿ 2018ರಿಂದ ಇರುವ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ತುರ್ತಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಬೇಕು, ಅಲ್ಲಿ ಆಗದಿದ್ದರೆ ಅವರೇ ಚೀಟಿ ಬರೆದು ಬೇರೆ ಕಡೆ ಕಳಿಸುತ್ತಾರೆ. ಆ ಚೀಟಿ ಇಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ಹೋಗಿ ಆಮೇಲೆ ಕಾರ್ಡ್ ತೋರಿಸಿದರೆ ಪ್ರಯೋಜನವಾಗುವುದಿಲ್ಲ. ಸಹಕಾರ ಸಂಘದ ಸದಸ್ಯರಿಗಾಗಿ 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, ಮತ್ತೆ ಜಾರಿಗೆ ಬಂದ ಯಶಸ್ವಿನಿ ಯೋಜನೆಯಲ್ಲಿ ಹೆಸರು ನೋಂದಾಯಿಸಿದವರು ಆ ಕಾರ್ಡನ್ನೂ ತೋರಿಸಿ. ನಿಮ್ಮ ಆಪರೇಷನ್ ಪಟ್ಟಿಯಲ್ಲಿ ಇದೆಯೇ ಎಂಬುದನ್ನು ದಾಖಲಾಗುವ ಮುಂಚೆಯೇ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕೇಳಿ. ಇಷ್ಟು ವಿಚಾರಿಸಿದ ಮೇಲೆ ಸಂಘದ ಸಾಲ ಬೇಕೋ ಬೇಡವೋ, ಎಷ್ಟು ಬೇಕು ಎಂದು ತೀರ್ಮಾನಿಸಬಹುದು.

ಮನೆಗೆ ಬಂದ ಮೇಲೆ

ಮೂಗಿಗೆ ಬತ್ತಿ ತುಂಬಿದ್ದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತೆಗೆಯುತ್ತಾರೆ. ಮೊದಲ ಒಂದೆರಡು ವಾರ ಮೂಗು ಇನ್ನೂ ಕಟ್ಟಿದಂತೆಯೇ ಇರುತ್ತದೆ. "ಆಪರೇಷನ್ ಹಾಳಾಯ್ತು" ಎಂದು ಗಾಬರಿಯಾಗಬೇಡಿ, ಒಳಗಿನ ಊತ ಇಳಿಯಬೇಕು. ಹೆಕ್ಕಳೆ ಕಟ್ಟುತ್ತದೆ, ಬೆರಳು ಹಾಕಿ ಕೀಳಬಾರದು. ಉಪ್ಪುನೀರಿನಿಂದ ಮೆತ್ತಗೆ ಮಾಡಿದರೆ ತಾನೇ ಬರುತ್ತದೆ. ಮೂಗು ಸೀಟಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು.

ಎರಡು ವಾರ ಕೊಡ ಹೊರುವುದು, ಹುಲ್ಲಿನ ಹೊರೆ, ಬಾಗಿ ಒಲೆ ಊದುವುದು ಬೇಡ. ಇದನ್ನು ನಮ್ಮ ಹೆಣ್ಣುಮಕ್ಕಳಿಗಿಂತ ಮನೆಯ ಗಂಡಸರು, ಅತ್ತೆಯವರು ಓದಬೇಕು. ಯಾಕೆಂದರೆ ಹೊರಗೆ ಹೊಲಿಗೆ ಕಾಣದಿದ್ದರೆ ಮೂರನೇ ದಿನಕ್ಕೇ ಹಟ್ಟಿಯ ಕೆಲಸ ಹೆಗಲಿಗೆ ಬೀಳುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ವಿಶ್ರಾಂತಿ ಎಷ್ಟು ದಿನ ಎಂದು ವೈದ್ಯರಿಂದಲೇ ಬರೆಸಿಕೊಂಡು ಬನ್ನಿ. ಆ ಎರಡು ವಾರ ಸಂಘದ ಅಕ್ಕಪಕ್ಕದವರು ಹಾಲು ಕರೆಯುವುದು, ನೀರು ತರುವುದು ಹಂಚಿಕೊಂಡರೆ ದೊಡ್ಡ ಉಪಕಾರ.

ಸಿಂಬಳದಲ್ಲಿ ಸ್ವಲ್ಪ ರಕ್ತ ಕೆಲವು ದಿನ ಸಹಜ. ಧಾರೆಯಾಗಿ ಬಂದರೆ ಮಲಗಬೇಡಿ, ತಲೆ ಹಿಂದಕ್ಕೆ ಬಾಗಿಸಬೇಡಿ. ಕುಳಿತು ಮುಂದಕ್ಕೆ ಬಾಗಿ, ಮೂಗಿನ ಮೆತ್ತಗಿನ ಭಾಗವನ್ನು ಎರಡು ಬೆರಳಲ್ಲಿ ಹತ್ತರಿಂದ ಹದಿನೈದು ನಿಮಿಷ ಬಿಡದೆ ಹಿಡಿದುಕೊಳ್ಳಿ, ಬಾಯಿಗೆ ಬಂದ ರಕ್ತವನ್ನು ಉಗುಳಿ. ಆಗಲೂ ನಿಲ್ಲದಿದ್ದರೆ, ಅಥವಾ ಜ್ವರ, ದುರ್ವಾಸನೆ, ಹೆಚ್ಚುತ್ತಾ ಹೋಗುವ ನೋವು ಬಂದರೆ ರಾತ್ರಿಯಾದರೂ ಸರಿ, ಆಪರೇಷನ್ ಮಾಡಿದ ಆಸ್ಪತ್ರೆಗೆ ಹೋಗಿ.